ಸರದಾರನ ಕೋಡು

ತಿಕೋಟಾದ ಪರಸವ್ವನಿಗೆ ದೇವರು ಮೂಗು ಕೊಟ್ಟದ್ದು ಉಸಿರಾಡಲಿಕ್ಕೆ ಅಲ್ಲ, ತುಕ್ಕಿನ ವಾಸನೆ ಹಿಡಿಯಲಿಕ್ಕೆ ಎಂದು ಊರವರು ನಂಬಿದ್ದರು. ಯಾರದಾದರೂ ಹೊಸ್ತಿಲ ಮೇಲೆ ಕಾಲಿಟ್ಟಳೆಂದರೆ ಸಾಕು, "ಯವ್ವಾ, ನಿಮ್ಮ ಅಡಕಲ ಗಡಿಗಿ ಹಿಂದ ಒಂದು ಕುಡಗೋಲು ಹಾಳಾಗಾಕತ್ತೈತಿ, ತಗದು ಬೂದಿ ಹಚ್ರಿ" ಅನ್ನುವಳು. ಅಲ್ಲೊಂದು ಕುಡಗೋಲು ಇರುವ ನೆನಪು ಮನೆಯವರಿಗೇ ಇರುತ್ತಿರಲಿಲ್ಲ. ವಿಜಾಪುರದಿಂದ ಬರುವ ಮೋಟಾರು ಇನ್ನೂ ಇಟ್ಟಂಗಿಹಾಳ ದಾಟುವ ಮೊದಲೇ ಅದರ ಯಾವ ಗಾಲಿಯ ಯಾವ ನಟ್ಟು ಕೆಟ್ಟಿದೆಯೆಂದು ತಿಕೋಟಾದ ಕಟ್ಟೆಯ ಮೇಲೆ ಕೂತೇ ಹೇಳುತ್ತಿದ್ದಳಂತೆ. ಡ್ರೈವರ್ ಇಳಿದು ಬಂದು ಆಕೆಗೆ ನಮಸ್ಕಾರ ಮಾಡಿ ಮೋಟಾರಿನ ಕೆಳಗೆ ತೂರುತ್ತಿದ್ದನಂತೆ. ಇದರಲ್ಲಿ ಅರ್ಧ ಸುಳ್ಳು ಇರಬಹುದು. ಉಳಿದರ್ಧ ಡ್ರೈವರನೇ ಹೇಳಿದ್ದು.

ಆಕೆ ಹುಟ್ಟಿದ್ದು ಬಬಲೇಶ್ವರದ ಆಚೆ, ಮಮದಾಪುರದ ಕೆರೆಯ ದಂಡೆಗೆ, ಮೀನು ಹಿಡಿಯುವವರ ಮನೆಯಲ್ಲಿ. ಮಾತು ಕಲಿಯುವ ಮೊದಲು ಆಕೆ ಗಾಳ ತಿಕ್ಕುವುದನ್ನು ಕಲಿತಳು. ಅಪ್ಪ ಮೀನು ಹಿಡಿದು ಬಂದರೆ ಮೀನು ಅವ್ವನ ಪಾಲಿಗೆ, ಗಾಳಗಳು ಮಗಳ ಪಾಲಿಗೆ. ಸಿಹಿನೀರಲ್ಲಿ ತೊಳೆದು, ಬಿಸಿಲಿಗೆ ಹರವಿ, ಜೋಳ ಕೊಯ್ದ ಮೇಲೆ ಉಳಿಯುವ ಕೊಯ್ಯಿಕಟ್ಟಿಯ ಬೂದಿಯಲ್ಲಿ ಹೊರಳಿಸಿ, ಕುರಿಯ ಕೊಬ್ಬು ಸವರಿದ ಅರಿವೆಯಲ್ಲಿ ಸುತ್ತಿ ಬಿದಿರಿನ ಕೊಳವೆಗೆ ತುಂಬಬೇಕು. ಕೆರೆಯ ಮೀನಿಗಾದರೆ ಇಷ್ಟು ಸಾಕು. ಡೋಣಿ ಹೊಳೆಗೆ ಹೋಗಿ ಬಂದ ಗಾಳವಾದರೆ ಎಲ್ಲವನ್ನೂ ಎರಡೆರಡು ಸಲ ಮಾಡಬೇಕು, ಯಾಕೆಂದರೆ ಡೋಣಿಯ ನೀರು ಉಪ್ಪು. ಅಪ್ಪ ಹೇಳುತ್ತಿದ್ದ: ಡೋಣಿಯಲ್ಲಿ ಮರೆತ ಗಾಳ ಒಂದು ದಿನಕ್ಕೆ ಕೂದಲಾಗತೈತಿ, ಮರುದಿನ ಅದನ್ನ ಮೀನ ತಗೊಂಡು ಹಲ್ಲಾಗಿನ ಕಸ ತೆಗೀತೈತಿ.

ಇಂಥ ಮಗಳಿಗೆ ಸಿಕ್ಕ ಗಂಡನೂ ಕಬ್ಬಿಣದ ಸಂಬಂಧದವನೇ. ತಿಕೋಟಾದ ಮರೆಪ್ಪ ಬಂದೂಕು ಸ್ವಚ್ಛ ಮಾಡುವವ. ಬಿಜ್ಜರಗಿ, ನಿಡೋಣಿ, ಬಬಲೇಶ್ವರ, ಎಲ್ಲಿ ಗೌಡರ ಗೋಡೆಗೆ ಬಂದೂಕು ತೂಗುತ್ತದೋ ಅಲ್ಲಿ ಮರೆಪ್ಪನಿಗೆ ಒಂದು ಚಾಪೆ, ಒಂದು ತಂಬಿಗೆ ನೀರು. ಹೆಗಲಿಗೆ ನಳಿಗೆ ತಿಕ್ಕುವ ಉದ್ದನೆಯ ಗಜ, ಜೋಳಿಗೆಯಲ್ಲಿ ಹಳೇ ಧೋತರದ ಚೂರು, ಚಿಮಣಿ ಎಣ್ಣೆಯ ಸೀಸೆ. ಕಡೆಕಡೆಗೆ ಅವನ ಎರಡೂ ಕಣ್ಣಿಗೆ ಪೊರೆ ಬಂತು. ಆಮೇಲೆ ಗಜ ಹಿಡಿಯುವ ಕೈ ಪರಸವ್ವನದಾಯಿತು, ಮುಂದೆ ಕೂತು ಕೆಮ್ಮುತ್ತ ದೊಡ್ಡಸ್ತಿಕೆ ಮಾಡುವ ಕೆಲಸವಷ್ಟೇ ಮರೆಪ್ಪನದು. ಗೌಡರೆಲ್ಲ ಮರೆಪ್ಪನ ಕೈ ಭಾರಿ ಹಗುರಾಯಿತೆಂದು ಹೊಗಳಿದರು. ಅವನು ಒಂದು ಸಲವೂ ಅಲ್ಲಗಳೆಯಲಿಲ್ಲ. ಗಂಡಸರಲ್ಲವೇ.

ಸೇರು ಪಾವು ಹೋಗಿ ಕಿಲೋ ಬಂದ ಕಾಲಕ್ಕೆ ಮರೆಪ್ಪ ಜ್ವರ ಬಂದು ಮಲಗಿದ. ಹೋಗುವ ಮುಂದೆ ಹೆಂಡತಿಯ ಕೈ ಹಿಡಿದು ಆಸ್ತಿಯ ಮಾತಾಡಲಿಲ್ಲ, ಇರಲಿಲ್ಲವಲ್ಲ. "ಪರಸೀ, ನಮ್ಮ ಕೈ ಮುಟ್ಟಿದ ನಳಿಗಿಗೆ ತುಕ್ಕು ಬರಗೊಡಬ್ಯಾಡ. ನನ್ನ ಹೆಸರ ಹೋಗತೈತಿ" ಅಂದ. ಪರಸವ್ವ ಅವನ ಅಂಗೈ ಮೇಲೆ ಅಂಗೈ ಇಟ್ಟು ಹೂಂ ಅಂದಳು.

ಗಂಡ ಬಿಟ್ಟು ಹೋದದ್ದು ಆ ಗಜ, ಆ ಜೋಳಿಗೆ, ಮತ್ತೆ ಸರದಾರ.

ಸರದಾರ ಒಂದು ಹೋತ. ಕರಿ ಮೈ, ಎದೆ ಮುಟ್ಟುವ ಗಡ್ಡ. ಆ ಗಡ್ಡ ನೋಡಿ ಹಾದಿಹೋಕರು ಯಾವುದೋ ಮಠದ ಸ್ವಾಮಿಗಳು ಕೂತಾರೆಂದು ದೂರದಿಂದಲೇ ಚಪ್ಪಲಿ ಬಿಟ್ಟು ಬರುತ್ತಿದ್ದರು. ಇಲೆಕ್ಷನ್ ಬಂದಾಗ ಗೋಡೆಗೆ ಹಚ್ಚಿದ ಕಾಗದವನ್ನೆಲ್ಲ, ಈ ಪಕ್ಷ ಆ ಪಕ್ಷ ಅನ್ನದೆ, ಸಮನಾಗಿ ತಿಂದಿತ್ತು. ಸುತ್ತಿನ ಆಡುಗಳೆಲ್ಲ ಅದರ ಮನೆಗೇ ನಡೆದು ಬರುತ್ತಿದ್ದವು. ಪ್ರಾಯದಲ್ಲಿ ಗೋಡೆ ಗುದ್ದಿ ಎಡಗೋಡು ಸೀಳಿತ್ತು. ಮರೆಪ್ಪ ಕಣ್ಣು ಚಲೋ ಇದ್ದಾಗ ಆ ಸೀಳಿಗೆ ತಾಮ್ರದ ತಂತಿಯನ್ನು ಒತ್ತೊತ್ತಾಗಿ ಸುತ್ತಿ, ಬಂದೂಕಿನ ಹಿಡಿಕೆ ಬಿಗಿದಷ್ಟು ಬಿಗಿಯಾಗಿ ಬಿಗಿದಿದ್ದ. ಗಂಡ ಹೋದ ಮೇಲೆ ಪರಸವ್ವ ದಿನಾ ಬೆಳಿಗ್ಗೆ ಆ ತಂತಿಯನ್ನು ಹುಣಸೆಹಣ್ಣು ಹಾಕಿ ತಿಕ್ಕುವಳು. ತಿಕ್ಕುತ್ತ ಹೋತದ ಕೂಡ ಮನೆಯ ಸುದ್ದಿ ಮಾತಾಡುವಳು. ಹೋತ ಕೇಳುತ್ತಿತ್ತು. ಮರೆಪ್ಪ ಅಷ್ಟೂ ಕೇಳುತ್ತಿರಲಿಲ್ಲ.

ಇನ್ನು ತಿಕೋಟಾದ ಶಿವಯೋಗೆಪ್ಪಗೌಡ. ದೊಡ್ಡ ವಾಡೆ, ದೊಡ್ಡ ಗಾಣ, ದೊಡ್ಡ ಬಾಯಿ. ಬೆಳೆ ಕಾಯಲಿಕ್ಕೆಂದು ಸರಕಾರದಿಂದ ಲೈಸೆನ್ಸು ತೆಗೆಸಿ ಜೋಡುನಳಿಗೆ ಬಂದೂಕು ಇಟ್ಟಿದ್ದ. ಗೌಡ ಖಂಡ ಮುಟ್ಟುವ ಮನೆತನದವನಲ್ಲ. ಬೇಟೆ ಅವನಿಗೆ ಬಾಯಿಚಪಲಕ್ಕಲ್ಲ, ಹೆಸರಿಗೆ. ಹೊಡೆದದ್ದನ್ನು ಓಣಿಗೆ ಹಂಚಿಬಿಡುತ್ತೇನೆ ಅನ್ನುತ್ತಿದ್ದ. ಹಂಚುವ ಪ್ರಸಂಗ ಮಾತ್ರ ಬಂದಿರಲಿಲ್ಲ, ಯಾಕೆಂದರೆ ಅಷ್ಟು ವರ್ಷದಲ್ಲಿ ಅವನ ಗುಂಡು ಬಿದ್ದದ್ದು ತನ್ನದೇ ಬಣವೆಗೆ, ಹೊಲದ ಬೆದರುಬೊಂಬೆಗೆ, ಮತ್ತೊಮ್ಮೆ ಚಂದ್ರನಿಗೆ. ಚಂದ್ರನ ಮೇಲಿನ ಕಲೆ ತನ್ನದೇ ಎಂದು ಅವನು ಹೇಳಿದರೆ ಪಕ್ಕದಲ್ಲಿ ಕೂತ ಈರಯ್ಯ "ಹೌದ್ರಿ ಗೌಡ್ರ, ಮೊದಲ ಇರಲಿಲ್ಲ" ಅನ್ನುತ್ತಿದ್ದ. ಈರಯ್ಯ ಊರ ಅಯ್ಯನವರು. ಗೌಡ ಸೀನಿದರೂ ಅದರಲ್ಲಿ ಒಂದು ರಾಗ ಇದೆ ಅನ್ನುವವರು.

ಆ ವರ್ಷ ಸುಗ್ಗಿಯ ಕಾಲದ ಒಂದು ಸಂಜೆ, ಡೋಣಿ ದಂಡೆಯ ಜಾಲಿಕಂಟಿಯ ಹಿಂದೆ ಎರಡು ಕೋಡು ಕಂಡವು. ಗೌಡ ಗುಂಡು ಹಾರಿಸಿದ. ಜೀವಮಾನದಲ್ಲಿ ಮೊದಲ ಸಲ ಗುರಿ ತಪ್ಪಲಿಲ್ಲ. ಓಡಿ ಹೋಗಿ ನೋಡಿದರೆ ಗಡ್ಡ. ಗೌಡನ ಮುಖ ಬಿಳುಪೇರಿತು. ಅಷ್ಟರಲ್ಲಿ ಹಿಂದಿನಿಂದ ಏದುಸಿರು ಬಿಡುತ್ತ ಬಂದ ಈರಯ್ಯ, ಗೌಡನ ಮುಖ ನೋಡಿ, ನೆಲದ ಮೇಲಿನದನ್ನು ನೋಡಿ, ಮತ್ತೆ ಗೌಡನ ಮುಖ ನೋಡಿ ಅಂದ: "ಆಹಾ! ಏನ್ ಚಿಗರಿ ಹೊಡದ್ರಿ ಗೌಡ್ರ!"

ಅಲ್ಲಿಂದ ಹೋತ ಹೋಗಿ ಜಿಂಕೆಯಾಯಿತು, ಚಿಗರಿಯಾಯಿತು. ಆಳುಗಳು ಸುಲಿಯುವಾಗ ಚಿಗರಿ ಎಂದೇ ಸುಲಿದರು. ಹಂಚುವಾಗ ಚಿಗರಿ ಎಂದೇ ಹಂಚಿದರು. ಪರಸವ್ವನ ಮನೆಗೂ ಒಂದು ಪಾಲು ಬಂತು. ಬಂದೂಕು ತಿಕ್ಕುವಾಕೆಗೆ ಕೊಡಲೇಬೇಕೆಂದು ಗೌಡ ತಾನೇ ನಿಂತು ಮುತ್ತುಗದ ಎಲೆಯಲ್ಲಿ ಕಟ್ಟಿಸಿ ಕಳಿಸಿದ್ದ. ಸರದಾರ ಮನೆಗೆ ಬಂದಿರಲಿಲ್ಲ. ಯಾರದೋ ಆಡಿನ ಹಿಂದೆ ಹೋಗಿರಬೇಕೆಂದುಕೊಂಡು ಪರಸವ್ವ ಮಸಾಲೆ ಅರೆದು ಸಾರು ಮಾಡಿ, ಬಿಸಿರೊಟ್ಟಿ ಬಡಿದು, ಉಂಡಳು. ನೆರೆಯ ರುಕ್ಮವ್ವ ಬಂದು "ಹೆಂಗೈತಿ ಬೇ ಚಿಗರಿ?" ಅಂದರೆ, "ಬೆಣ್ಣಿಯಂಗ ಐತೆವ್ವಾ, ಮೆತ್ತಗ" ಅಂದಳು.

ಮುಂದೆ ಬಂದೂಕು ತಿಕ್ಕಲಿಕ್ಕೆ ವಾಡೆಗೆ ಹೋದಾಗ ಪಡಸಾಲೆಯ ಗೋಡೆಗೆ ಹೊಸ ಹಲಗೆ ಕಂಡಿತು. ಹಲಗೆಯ ಮೇಲೆ ಜೋಡು ಕೋಡು. ಎಡಗೋಡಿಗೆ ತಾಮ್ರದ ತಂತಿ. ಹುಣಸೆಹಣ್ಣು ಹಾಕಿ ತಿಕ್ಕಿದ ತಂತಿ, ಫಳಫಳ.

ಪರಸವ್ವ ಹೋಗಿ ಆ ತಂತಿಯ ಮೇಲೆ ಬೆರಳು ಆಡಿಸಿದಳು. ಬಾಯಲ್ಲಿ ಆ ಸಾರಿನ ರುಚಿ ಬಂತು. ಆಮೇಲೆ ಅಂದಳು: "ಗೌಡ್ರ, ಇದು ನನ್ನ ಸರದಾರಂದು."

ಪಡಸಾಲೆಯ ತುಂಬ ಮಂದಿ ಇದ್ದರು. ಗೌಡ ಮೀಸೆ ತಿರುವಿದ. "ಏ ಪರಸವ್ವಾ, ಕಣ್ಣಿಗೆ ಪೊರಿ ಬಂದಿದ್ದು ನಿನ್ನ ಗಂಡಗೋ ನಿನಗೋ? ಅದು ಚಿಗರಿ."

"ಚಿಗರಿಗೆ ತಾಮ್ರದ ತಂತಿ ಯಾರು ಸುತ್ಯಾರ್ರಿ?"

ಗೌಡ ಈರಯ್ಯನ ಮುಖ ನೋಡಿದ. ಈರಯ್ಯನಿಗೆ ಉತ್ತರ ಹೊಳೆಯಿತು. "ಹುಟ್ಟಾ ಬಂದೈತಿ. ರಾಜಲಕ್ಷಣ ಇರೂ ಚಿಗರಿಗೆ ಹಂಗ ತಾಮ್ರ ಮೂಡತೈತಿ."

ಕೂತ ಮಂದಿಯೆಲ್ಲ ಗೋಣು ಹಾಕಿದರು. ಹೌದು ಹೌದು, ನಮ್ಮಜ್ಜನೂ ಹೇಳುತ್ತಿದ್ದ ಅಂದರು. ಸರದಾರನ ಗಡ್ಡ ಹಿಡಿದು ಆಡಿದವರೂ ಅಂದರು, ತಮ್ಮ ಆಡುಗಳನ್ನು ಅದರ ಹತ್ತಿರ ತಂದುಬಿಟ್ಟವರೂ ಅಂದರು.

"ನಿನ್ನ ಹೋತ ತೋಳ ಒಯ್ದಿರಬೇಕು. ಬ್ಯಾಸರಾ ಮಾಡ್ಕೋಬ್ಯಾಡ, ನಮ್ಮ ಹಿಂಡಿನ್ಯಾಗ ಒಂದು ಮರಿ ಹಿಡಕೊಂಡು ಹೋಗು" ಅಂದ ಗೌಡ. ಆಮೇಲೆ ನಗುತ್ತ, "ಅದಿರಲಿ, ಚಿಗರಿ ಖಂಡ ಹೆಂಗಿತ್ತು?" ಅಂದ.

ಎಲ್ಲರೂ ನಕ್ಕರು.

ಪರಸವ್ವ ನಗುವವರಿಗೆ ಬೆನ್ನು ಮಾಡಿ ಕೂತಳು. ಬಂದೂಕು ತೊಡೆಯ ಮೇಲೆ ತೆಗೆದುಕೊಂಡಳು. ನಳಿಗೆಯೊಳಗೆ ಗಜ ಹಾಕುವ ಮೊದಲು ಬಾಗಿ, ಆ ಎರಡು ತೂತಿನೊಳಗೆ ಬಾಯಿ ಇಟ್ಟು, ಯಾರಿಗೂ ಕೇಳದ ಹಾಗೆ ಹೇಳಿದಳು: "ಆ ಕೋಡು ಗೌಡ ತನ್ನ ಕೈಯಾರೆ ನನ್ನ ಕೈಗೆ ಕೊಡಬೇಕು. ಊರ ಮುಂದ. ಹೋತ ಅಂತ ಹೇಳೇ ಕೊಡಬೇಕು. ಅಲ್ಲೀತನಕಾ ನೀನೂ ನಾನೂ ಒಂದ ಮನೀಯವ್ರು ಅಲ್ಲ."

ಆ ದಿನದಿಂದ ಓಣಿಗೆ ಸುಖವಿಲ್ಲ. ಪರಸವ್ವ ಸಿಟ್ಟಿನಲ್ಲಿ ರೊಟ್ಟಿ ಬಡಿದರೆ ಆ ಸದ್ದಿಗೆ ಕೋಳಿಗಳು ಬಬಲೇಶ್ವರದ ಹಾದಿ ಹಿಡಿಯುತ್ತಿದ್ದವು. ಬೀಸಿದರೆ ಹಿಟ್ಟು ಎಷ್ಟು ಸಣ್ಣಗೆ ಬೀಳುತ್ತಿತ್ತೆಂದರೆ ಗಾಳಿಗೆ ಹಾರಿ ಮೋಡವಾಗುತ್ತಿತ್ತು. ಆ ವರ್ಷ ಬಿಜ್ಜರಗಿಯ ಮೇಲೆ ಬಂದು ಮಳೆ ಸುರಿಸದೆ ಹೋದ ಬಿಳಿಮೋಡ ಅದೇ ಎಂದು ಹೇಳುವವರಿದ್ದಾರೆ.

ಸೇಡು ತೀರಿಸುವ ಹಾದಿ ಮೊದಲು ಸುಲಭವಾಗಿಯೇ ಕಂಡಿತ್ತು. ಗೌಡನ ಹೆಸರು ಇರುವುದು ಬಂದೂಕಿನ ಮೇಲೆ, ಬಂದೂಕು ಇರುವುದು ಪರಸವ್ವನ ಕೈಯಲ್ಲಿ. ಬೆಳಿಗ್ಗೆ ಎದ್ದು ಡೋಣಿಗೆ ಹೋಗಿ ಒಂದು ಗಡಿಗೆ ಉಪ್ಪುನೀರು ತಂದಳು. ಒಂದು ಚರಿಗೆ ನಳಿಗೆಯೊಳಗೆ ಹೊಯ್ದು ಗೋಡೆಗೆ ತೂಗಿಬಿಟ್ಟರೆ ಗಾಳ ಕೂದಲಾದ ಹಾಗೆ ಬಂದೂಕು ಕೊಳಲಾಗುತ್ತದೆ. ಗಡಿಗೆ ಹೊತ್ತು ವಾಡೆಗೆ ಹೋದಳು, ಬಂದೂಕು ಇಳಿಸಿಕೊಂಡಳು, ಚರಿಗೆ ಎತ್ತಿದಳು. ಕೈ ಮುಂದೆ ಹೋಗಲಿಲ್ಲ. ಮರೆಪ್ಪನ ಅಂಗೈ ನೆನಪಾಯಿತು. ತುಕ್ಕು ಹಿಡಿದರೆ ನಾಳೆ ನಿಡೋಣಿಯವರು, ಬಬಲೇಶ್ವರದವರು ಏನನ್ನುತ್ತಾರೆ? ಮರೆಪ್ಪನ ಮನೆತನದ ಕೈ ಕೆಟ್ಟಿತು ಅನ್ನುತ್ತಾರೆ. ಗೌಡನ ಹೆಸರು ಹೋಗುವ ಮೊದಲು ಗಂಡನದು ಹೋಗುತ್ತದೆ.

"ಸತ್ತೂ ಬಿಡಂಗಿಲ್ಲ ನೋಡು ಈ ಗಂಡ" ಎಂದು ಬೈದು, ನೀರನ್ನೆಲ್ಲ ಗೌಡನ ಹಿತ್ತಲ ಬದನೆಗಿಡಕ್ಕೆ ಹೊಯ್ದು ಬಂದಳು. ವಾರದೊಳಗೆ ಬದನೆ ಒಣಗಿತು. ಅದರಿಂದ ಹೊಟ್ಟೆಯ ಬೆಂಕಿ ಆರಲಿಲ್ಲ.

ಬಂದೂಕಿಗೆ ತುಕ್ಕು ಬರಬಾರದು, ಆದರೂ ಬಂದೂಕು ಸಾಯಬೇಕು. ಇದು ಪರಸವ್ವನ ಲೆಕ್ಕ. ಇದಕ್ಕೆ ಉತ್ತರ ತಿಕೋಟಾದಲ್ಲಿ ಇರಲಿಲ್ಲ. ವಿಜಾಪುರದ ಮೋಟಾರು ಹತ್ತಿದಳು.

ಬಾರಾಕಮಾನಿನ ಹಿಂದಿನ ಗಲ್ಲಿಯಲ್ಲಿ ಪೀರಸಾಬನ ಅಂಗಡಿ. ಬಂದೂಕು ರಿಪೇರಿ ಮಾಡುವ ಮುದುಕ. ಅವನ ವಯಸ್ಸು ಕೇಳಿದರೆ "ಆ ಕಮಾನು ಕಟ್ಟಾಗ ನಾನ ಸುಣ್ಣ ಕಲಿಸೇನಿ" ಅನ್ನುವವ. ಮರೆಪ್ಪನಿಗೆ ಕೆಲಸ ಕಲಿಸಿದವನೂ ಅವನೇ. ಅವನು ಕುರಿಯ ಮೂತ್ರಪಿಂಡದ ಕೊಬ್ಬು ಕಾಸಿ, ಸೋಸಿ, ಅದಕ್ಕೆ ಇನ್ನೇನೋ ಬೆರೆಸಿ ಡಬ್ಬಿಯಲ್ಲಿ ಕೊಡುತ್ತಿದ್ದ. ಮರೆಪ್ಪ ಅದನ್ನು ಸೊಂಟದಲ್ಲಿ ಬಚ್ಚಿಟ್ಟುಕೊಂಡು ತರುತ್ತಿದ್ದ. ಬಚ್ಚಿಡಲಿಕ್ಕೆ ಕಾರಣವಿತ್ತು. ಶಿವಯೋಗೆಪ್ಪಗೌಡನ ಬಂದೂಕು ಮಹಾನವಮಿಯ ದಿನ ಖಂಡೇಪೂಜೆಗೆ ದೇವರ ಮುಂದೆ ಕೂರುವ ಬಂದೂಕು. ಪ್ರಾಣಿ ಹೊಡೆಯಬಹುದು, ಪ್ರಾಣಿಯ ಕೊಬ್ಬು ತಾಗಬಾರದು. ಅದಕ್ಕೆ ಗೌಡನ ಕಟ್ಟಾಜ್ಞೆ: ನಮ್ಮ ಗಾಣದ ಕುಸುಬಿ ಎಣ್ಣೆ ಒಂದೇ ಹಚ್ಚಬೇಕು. ಗೌಡನಿಗೆ ಆ ಎಣ್ಣೆಯ ಮೇಲೆ ಅಷ್ಟು ಅಭಿಮಾನ. ತಲೆಗೂ ಅದೇ, ಬಂಡಿಯ ಅಚ್ಚಿಗೂ ಅದೇ, ಹೋಳಿಗೆಗೂ ಅದೇ, ಕುದುರೆಯ ಗಾಯಕ್ಕೂ ಅದೇ. ಮರೆಪ್ಪ ಹೂಂ ಅಂದು ಎದುರಿಗೆ ಎರಡು ಹನಿ ಹಚ್ಚಿ, ಗೌಡ ಮರೆಯಾದ ಕೂಡಲೆ ಒರೆಸಿ ತೆಗೆದು ಪೀರಸಾಬನ ಕೊಬ್ಬು ಸವರುತ್ತಿದ್ದ. ಪರಸವ್ವನೂ ಅದನ್ನೇ ನಡೆಸಿಕೊಂಡು ಬಂದಿದ್ದಳು.

ಪೀರಸಾಬ ಎಲ್ಲ ಕೇಳಿದ. ಸರದಾರನ ಸುದ್ದಿಗೆ ಅಯ್ಯೋ ಅಂದ. ಸಾರಿನ ಸುದ್ದಿಗೆ ಕೈಯಲ್ಲಿನ, ಕಬ್ಬಿಣ ಉಜ್ಜುವ ಕಾನಸು ಕೆಳಗಿಟ್ಟ.

"ತುಕ್ಕು ಬರಬಾರದು ಅಂತಿ."

"ಬರಬಾರದು ಕಾಕಾ."

"ಆದರ ಗುಂಡು ಹಾರಬಾರದು ಅಂತಿ."

"ಊರ ಮುಂದ ಹಾರಬಾರದು."

ಪೀರಸಾಬ ಗಡ್ಡ ನೀವಿಕೊಂಡ. "ಗೌಡ ಏನ ಹಚ್ಚು ಅಂದಾನ?"

"ಕುಸುಬಿ ಎಣ್ಣಿ."

"ನಿಮ್ಮ ಮನ್ಯಾಗ ಕುಸುಬಿ ಎಣ್ಣಿ ಗಡಿಗಿ ಐತಲ್ಲ, ಅದರ ಕಂಠ ಮುಟ್ಟಿ ನೋಡಿಯೇನು?"

ಪರಸವ್ವ ನೆನಪಿಸಿಕೊಂಡಳು. ಎಣ್ಣೆ ಇಳಿದ ಜಾಗದಲ್ಲಿ ಗಾಳಿಗೆ ಒಣಗಿ ಬೆಲ್ಲದ ಪಾಕದ ಹಾಗೆ ಅಂಟು. ನೊಣ ಕೂತರೆ ಅಲ್ಲೇ ಸಂಸಾರ ಹೂಡಬೇಕು.

"ಅದು ರೊಟ್ಟಿಗೆ ಅಮೃತ. ಕಬ್ಬಿಣಕ್ಕ ಹಚ್ಚಿದರ ತುಕ್ಕಂತೂ ಬರಂಗಿಲ್ಲ, ಆದರ ದಿನಾ ಹಚ್ಚಿಕೋತ ಹೋದರ ಒಳಗ ಒಣಗಿ ಬಡಿಗ್ಯಾರ ಅಂಟಿನ ಸರಸ ಆಗತೈತಿ. ಕೀಲು ಹಿಡೀತೈತಿ, ಬಂದೂಕಿನ ಕುದುರಿ ಹಿಡೀತೈತಿ. ನಾ ನಿನಗ ಏನೂ ಕಲಸಾಕತ್ತಿಲ್ಲ ತಂಗಿ. ನಾ ಬಂದೂಕ ರಿಪೇರಿ ಮಾಡಾವ, ಕೆಡಿಸಾವ ಅಲ್ಲ. ಈ ಸಲ ಡಬ್ಬಿ ಮುಗದಾವ, ಅಷ್ಟ."

ಅವನ ಬೆನ್ನ ಹಿಂದಿನ ಹಲಗೆಯ ಮೇಲೆ ಡಬ್ಬಿಗಳು ಸಾಲಾಗಿ ಇದ್ದವು. ಪರಸವ್ವ ಅವನ್ನು ನೋಡಿದಳು, ನೋಡದ ಹಾಗೆ ಎದ್ದಳು.

ಗೌಡ ಹೇಳಿದ ಹಾಗೆ ಕೇಳುವುದು. ಇಷ್ಟೇ. ಇಷ್ಟು ಸಲೀಸಾದ ಸೇಡು ತಿಕೋಟಾದಲ್ಲಿ ಯಾರಿಗೂ ಹೊಳೆದಿರಲಿಲ್ಲ, ಯಾಕೆಂದರೆ ಗೌಡ ಹೇಳಿದ ಹಾಗೆ ನಿಜವಾಗಿ ಯಾರೂ ಎಂದೂ ಕೇಳಿರಲೇ ಇಲ್ಲ.

ಮರುದಿನದಿಂದ ಪರಸವ್ವ ವಾರಕ್ಕೊಮ್ಮೆ ಹೋಗುವುದು ಬಿಟ್ಟು ದಿನಾ ವಾಡೆಗೆ ಹೋಗತೊಡಗಿದಳು. ನಳಿಗೆಯೊಳಗೆ ಗಜ ಹಾಕಿ ಕನ್ನಡಿಯಾಗುವ ತನಕ ತಿಕ್ಕುವಳು, ಅದು ಮರೆಪ್ಪನ ಪಾಲು. ಆಮೇಲೆ ಗೌಡನ ಹೆಂಡತಿ ಅಕ್ಕನಾಗಮ್ಮನ ಹತ್ತಿರ ಕುಸುಬಿ ಎಣ್ಣೆ ಇಸಿದುಕೊಂಡು, ಗೌಡನ ಎದುರಿಗೇ ಕೂತು, ಕೋಳಿಗರಿಯಿಂದ ಕುದುರೆಯ ಬುಡಕ್ಕೆ ಒಂದು ಹನಿ, ನಳಿಗೆ ಮಡಚುವ ಕೀಲಿಗೆ ಒಂದು ಹನಿ, ಬೆರಳು ಹಚ್ಚುವ ಕೊಕ್ಕೆಗೆ ಒಂದು ಹನಿ. ಅದು ಗೌಡನ ಪಾಲು. ಬಂದೂಕಿನ ಕುದುರೆ ಅಂದರೆ ಮೇಲೆತ್ತಿ ಬಿಟ್ಟಾಗ ಬಂದು ತೋಟಾಕ್ಕೆ ಬಡಿಯುವ ಕಿವಿ. ಹಚ್ಚುತ್ತ ಕಣ್ಣೆತ್ತಿ ಹಲಗೆಯ ಮೇಲಿನ ಕೋಡು ನೋಡುವಳು. ಒಂದು ಹನಿ ಕೋಡಿಗೆ, ಒಂದು ಹನಿ ಗಡ್ಡಕ್ಕೆ, ಒಂದು ಹನಿ ಆ ಸಾರಿಗೆ.

ಗೌಡನಿಗೆ ಖುಷಿಯೋ ಖುಷಿ. "ನೋಡ್ರಿ ಅಯ್ಯನವರ, ಮರೆಪ್ಪ ಇದ್ದಾಗ ಹಿಂಗ ಹೊಳೀತಿದ್ದಿಲ್ಲ. ಹೇಳಿದ ಮಾತು ಕೇಳಿದರ ಹಿಂಗಿರತೈತಿ."

"ಹೌದ್ರಿ ಗೌಡ್ರ" ಅಂದ ಈರಯ್ಯ. "ಕಾಗಿ ಬಂದು ಮುಖಾ ನೋಡ್ಕೊಂಡು ಹೋಗಾಕತ್ತಾವು."

ಬಂದೂಕು ಹೊಳೆಯಿತು. ಚೈತ್ರ ವೈಶಾಖದ ಬಿಸಿಲಿಗೆ ಎಣ್ಣೆ ಬೆಂದಿತು. ಮುಂಗಾರಿನ ಗಾಳಿಗೆ ಎರೆಮಣ್ಣಿನ ದೂಳು ಬಂದು ಅದರೊಳಗೆ ಕೂತಿತು. ಮೇಲೆ ಮತ್ತೆ ಎಣ್ಣೆ. ಗೌಡ ಅದನ್ನು ಹಾರಿಸಿ ನೋಡಿದ್ದರೆ ಗೊತ್ತಾಗುತ್ತಿತ್ತು. ಆದರೆ ಚಿಗರಿ ಹೊಡೆದ ಮೇಲೆ ಗೌಡ ಬೇಟೆಗೆ ಹೋಗುವುದನ್ನೇ ಬಿಟ್ಟಿದ್ದ. ಗಳಿಸಿದ ಹೆಸರಿಗೆ ಇನ್ನೊಂದು ಗುಂಡಿನಿಂದ ಧಕ್ಕೆ ಯಾಕೆ? ಕೇಳಿದವರಿಗೆಲ್ಲ ಚಿಗರಿಯ ಕತೆ ಹೇಳುತ್ತಿದ್ದ. ಹೇಳಿದ ಸಲಕ್ಕೊಮ್ಮೆ ಚಿಗರಿ ಬೆಳೆಯುತ್ತಿತ್ತು. ಶ್ರಾವಣದ ಹೊತ್ತಿಗೆ ಅದು ಎತ್ತಿನಷ್ಟಾಯಿತು, ಗಣೇಶ ಚೌತಿಗೆ ಜಿಗಿದು ಡೋಣಿ ದಾಟುತ್ತಿತ್ತು.

ಮಹಾನವಮಿ ಬಂತು. ಕುಡಗೋಲು, ಕೊಡಲಿ, ತಕ್ಕಡಿಗಳ ನಡುವೆ ಬಂದೂಕು ಗೊಂಡೆಹೂವಿನ ಹಾರ ಹಾಕಿಕೊಂಡು ಮದುಮಗನ ಹಾಗೆ ಕೂತಿತು. ಮಾರನೆಯ ದಿನ ಬನ್ನಿ. ಊರೆಲ್ಲ ಸೀಮೆಯ ಬನ್ನಿಗಿಡದ ಹತ್ತಿರ ಹೋಗುವುದು, ಗೌಡ ಆಕಾಶಕ್ಕೆ ಒಂದು ಗುಂಡು ಹಾರಿಸುವುದು, ಆಮೇಲೆ ಎಲ್ಲರೂ ಬನ್ನಿ ಎಲೆ ಹರಿದು ಒಬ್ಬರಿಗೊಬ್ಬರು ಕೊಟ್ಟು ಹಳೇ ಜಗಳ ಮರೆಯುವುದು, ಇದು ನಡೆದು ಬಂದ ಪದ್ಧತಿ. ಆ ಸಲ ಇನ್ನೊಂದು ಗದ್ದಲವೂ ಕೂಡಿತ್ತು. ಗೌಡನ ಮಗಳನ್ನು ಕೇಳಿಕೊಂಡು ನಿಡೋಣಿಯಿಂದ ಬೀಗರು ಬಂದಿದ್ದರು. ಬಂದವರಿಗೆ ಗೌಡ ಕೋಡು ತೋರಿಸಿದ್ದ, ಕತೆ ಹೇಳಿದ್ದ. "ನಾಳೆ ನೋಡ್ರಿ ನನ್ನ ಕೈ" ಎಂದಿದ್ದ.

ಪರಸವ್ವ ಆ ಮಧ್ಯಾಹ್ನ ತಲೆ ಬಾಚಿ, ಇದ್ದುದರಲ್ಲಿ ಚಲೋ ಇಳಕಲ್ ಸೀರೆ ಉಟ್ಟು, ಸೊಂಟಕ್ಕೆ ಚಿಮಣಿ ಎಣ್ಣೆಯ ಸೀಸೆ ಸಿಕ್ಕಿಸಿಕೊಂಡು, ಬನ್ನಿಗಿಡದ ಹತ್ತಿರದ ಬಂಡೆಯ ಮೇಲೆ ಎಲ್ಲರಿಗಿಂತ ಮೊದಲೇ ಹೋಗಿ ಕೂತಳು.

ಗೌಡ ತಲೆಗೆ ಪಟಗ ಸುತ್ತಿಕೊಂಡು ಬಂದ. ಎರಡೂ ತೋಟಾ ಮನೆಯಲ್ಲೇ ತುಂಬಿಸಿಕೊಂಡು ಬಂದಿದ್ದ. ನಳಿಗೆ ಮಡಚುವಾಗ ಆಳುಮಗ ಮೊಣಕಾಲು ಕೊಟ್ಟು ಒತ್ತಬೇಕಾಯಿತು, ಆದರೂ ಗೌಡನಿಗೆ ಸಂಶಯ ಬರಲಿಲ್ಲ. ಊರೆಲ್ಲ ಸುತ್ತು ನಿಂತಿತು. ಬೀಗರು ಮುಂದೆ. ಗೌಡ ಕುದುರೆ ಎತ್ತಲು ಹೆಬ್ಬೆರಳು ಹಚ್ಚಿದ. ಬರಲಿಲ್ಲ. ಎರಡೂ ಹೆಬ್ಬೆರಳು ಹಚ್ಚಿ ಹಲ್ಲು ಕಚ್ಚಿ ಎತ್ತಿದ, ಬಂತು. ಬಂದೂಕು ಆಕಾಶಕ್ಕೆ ಹಿಡಿದ. ಹೆಂಗಸರು ಕಿವಿ ಮುಚ್ಚಿಕೊಂಡರು. ಕೊಕ್ಕೆ ಜಗ್ಗಿದ.

ಎತ್ತಿದ ಕುದುರೆ ಜೋಳದ ಕಾಳಿನಷ್ಟು ಮುಂದೆ ಬಂದು, ಅಲ್ಲೇ ನಿಂತಿತು. ಸೊಂಟ ಹಿಡಿದ ಮುದುಕ ಕೂಡಲಿಕ್ಕೆ ಹೋಗಿ ಅರ್ಧಕ್ಕೆ ನಿಂತ ಹಾಗೆ.

ಎಲ್ಲರೂ ಕಿವಿ ಮುಚ್ಚಿಕೊಂಡೇ ಕಾದರು. ಗೌಡ ಒಂದು ಕಣ್ಣು ತೆರೆದು ಬಂದೂಕು ನೋಡಿದ. ನಿಧಾನ ಕೆಳಗಿಳಿಸಲಿಕ್ಕೆ ಹೋದ.

"ಇಳಿಸಬ್ಯಾಡ್ರಿ ಗೌಡ್ರ!" ಬಂಡೆಯ ಮೇಲಿಂದ ಪರಸವ್ವ ಕೂಗಿದಳು. "ಕುದುರಿ ಬಿಟ್ಟೈತಿ, ಹಾದ್ಯಾಗ ಐತಿ. ಯಾವಾಗ ಬಂದು ಮುಟ್ಟತೈತಿ ಹೇಳಾಕ ಬರಂಗಿಲ್ಲ. ಬಾಯಿ ಯಾ ಕಡೆ ತಿರಗತೈತೋ ಆ ಕಡೆ ಹಾರತೈತಿ."

ಗೌಡ ಗಪ್ಪನೆ ಬಂದೂಕನ್ನು ಮತ್ತೆ ಆಕಾಶಕ್ಕೆ ಎತ್ತಿದ. ಮಂದಿ ಎಲ್ಲಿದ್ದರೋ ಅಲ್ಲಿಂದ ಮಾಯ. ಅರ್ಧ ಊರು ಜಾಲಿಕಂಟಿಯ ಹಿಂದೆ, ಅರ್ಧ ಊರು ಹಳ್ಳದಲ್ಲಿ. ಬೀಗರು ಬಂಡಿಯ ಕೆಳಗೆ ಹೊಕ್ಕರು. ಬಯಲಿನ ನಡುವೆ ಗೌಡ ಒಬ್ಬನೇ, ಸ್ವರ್ಗಕ್ಕೆ ಕಂಬ ಕೊಟ್ಟವನ ಹಾಗೆ.

"ಪರಸವ್ವಾ, ಏನ ಹ್ಯಾಂವ ಸಾಧಿಸಿದಿ ಬೇ? ಏನ ಹಚ್ಚಿ ಇದಕ್ಕ?"

"ನೀವ ಹೇಳಿದ್ದ ಹಚ್ಚೀನ್ರಿ. ನಿಮ್ಮ ಗಾಣದ ಕುಸುಬಿ ಎಣ್ಣಿ. ದಿನಾ, ನಿಮ್ಮ ಮುಂದ. ತುಕ್ಕು ಬಂದಿದ್ರ ಹೇಳ್ರಿ, ಕೈ ಕಡಕೊಂಡು ಕೊಡತೀನಿ."

ಗೌಡ ನೋಡಿದ. ತುಕ್ಕು ಇರಲಿಲ್ಲ. ಬಂದೂಕು ಭಾರವಾಗತೊಡಗಿತ್ತು.

"ಈರಯ್ಯನವರ! ಬಂದು ಒಂದೀಟು ಹಿಡೀರಿ!"

"ಹೌದ್ರಿ ಗೌಡ್ರ" ಎಂಬ ಧ್ವನಿ ಹಳ್ಳದಿಂದ ಬಂತು. ಈರಯ್ಯ ಬರಲಿಲ್ಲ.

"ಬಿಡಸಾಕ ಬರತೈತೇನ ನಿನಗ?"

"ಬರತೈತ್ರಿ."

"ಮತ್ತ ಬಾ!"

ಪರಸವ್ವ ಎಲೆ ಅಡಿಕೆ ತೆಗೆದಳು, ಸುಣ್ಣ ಹಚ್ಚಿದಳು, ಮಡಚಿದಳು. "ಕೋಡು ತರಸ್ರಿ."

"ಯಾವ ಕೋಡು?"

"ಪಡಸಾಲ್ಯಾಗಿನವು."

"ಅವು ಚಿಗರೀವು."

"ಹಂಗಾರ ಚಿಗರೀನ ಕರೀರಿ, ಬಂದು ಬಿಡಸತೈತಿ."

ಕುದುರೆ ಇನ್ನೊಂದು ಕೂದಲೆಳೆಯಷ್ಟು ಜರುಗಿತು. ಆ ಸದ್ದು ಯಾರಿಗೂ ಕೇಳಲಿಲ್ಲ, ಗೌಡನಿಗೆ ಮಾತ್ರ ಗೋಲಗುಮ್ಮಟದಲ್ಲಿ ಸೀನಿದಷ್ಟು ಕೇಳಿತು. "ಕೋಡು ತರ್ರೆಲೇ!" ಎಂದು ಒದರಿದ. ಆಳುಮಗ ಓಡಿದ.

ಓಡಿದವನ ಜೊತೆ ಗೌಡತಿ ಅಕ್ಕನಾಗಮ್ಮ ತಾನೇ ಹಲಗೆ ಹಿಡಿದುಕೊಂಡು ಬಂದಳು. ಬಯಲಿನಲ್ಲಿ ನಿಂತ ಗಂಡನನ್ನು ಮೇಲಿಂದ ಕೆಳಗೆ ನೋಡಿದಳು. "ತಗೋರಿ, ಹೋತದ ಕೋಡು. ದೂಳ ಝಾಡಿಸಿ ಝಾಡಿಸಿ ನನಗೂ ಸಾಕಾಗಿತ್ತು."

"ನೀ ಸುಮ್ಮನಿರ!"

"ನಾ ಸುಮ್ಮನ ಇದ್ದೀನಲ್ಲ, ಸುಗ್ಗಿಯಿಂದ." ಗಂಡನ ಎರಡೂ ಕೈ ಬಂದೂಕಿಗೆ ಸಿಕ್ಕಿದ್ದವು. ಅಕ್ಕನಾಗಮ್ಮ ಹಲಗೆಯ ಹಗ್ಗವನ್ನು ಅವನ ಕೊರಳಿಗೆ ಹಾಕಿ ಹಿಂದೆ ಸರಿದಳು. ಗೌಡನ ಎದೆಯ ಮೇಲೆ ಸರದಾರನ ಕೋಡು ತೂಗಿದವು.

"ಈಗ ಹೇಳ್ರಿ" ಅಂದಳು ಪರಸವ್ವ. "ನೀವು ಏನ ಹೊಡದ್ರಿ?"

"...ಹೋತ."

"ಬಂಡಿ ಕೆಳಗಿನವ್ರಿಗೆ ಕೇಳಸಲಿಲ್ರಿ."

"ಹೋತ! ಹೋತ ಹೊಡದೀನಿ!"

ಜಾಲಿಕಂಟಿಯ ಹಿಂದೆ ಯಾರೋ ಕಿಸಕ್ಕೆಂದರು. ಹಳ್ಳದಲ್ಲಿ ನಗೆ ಹರಿಯಿತು. ಆ ವರ್ಷ ಹಳ್ಳದಲ್ಲಿ ಹರಿದದ್ದು ಅದೊಂದೇ.

"ಯಾರದು?"

"ನಿಂದು. ಪರಸವ್ವಂದು."

"ಅದರ ಖಂಡ ಯಾರಿಗೆ ಕಳಿಸಿದ್ರಿ?"

ನಗೆ ನಿಂತಿತು. ಗೌಡ ಕಣ್ಣನ್ನೂ ಆಕಾಶಕ್ಕೇ ಎತ್ತಿದ. ಕಂಟಿಯ ಹಿಂದಿನ ರುಕ್ಮವ್ವ ಸೆರಗು ಬಾಯಿಗೆ ಒತ್ತಿಕೊಂಡಳು.

"ಯಾರಿಗೆ ಕಳಿಸಿದ್ರಿ ಅಂದೆ."

"ನಿನಗ" ಅಂದ ಗೌಡ. ಈ ಸಲ ಒದರಲಿಲ್ಲ. ಆದರೂ ಬಂಡಿಯ ಕೆಳಗಿನ ತನಕ ಕೇಳಿಸಿತು.

ಪರಸವ್ವ ಬಂಡೆಯಿಂದ ಇಳಿದಳು. ಹತ್ತಿರ ಹೋದಳು. ಸೀಸೆಯ ಬಿರಡೆ ತೆಗೆದು ಮೊದಲು ನಳಿಗೆ ಮಡಚುವ ಕೀಲಿಗೆ ಚಿಮಣಿ ಎಣ್ಣೆ ಸುರಿದಳು. ಕಾದಳು. ಒಣಗಿದ ಕುಸುಬಿ ಎಣ್ಣೆ ಕಂದು ನೀರಾಗಿ ಗೌಡನ ಬಿಳಿ ಅಂಗಿಯ ತೋಳಿನೊಳಗೆ ಇಳಿಯಿತು. ಅಂಗೈಯಿಂದ ಒಂದು ಏಟು ಕೊಟ್ಟಳು, ನಳಿಗೆ ಬಾಗಿತು. ಎರಡೂ ತೋಟಾ ಎಳೆದು ತನ್ನ ಉಡಿಗೆ ಹಾಕಿಕೊಂಡಳು. ಆಮೇಲೆ ಕುದುರೆಯ ಬುಡಕ್ಕೆ ಉಳಿದ ಎಣ್ಣೆ ಹೊಯ್ದಳು. ಕುದುರೆ ಹಾದಿ ಮುಗಿಸಿ ಬಂದು ಖಾಲಿ ಬಂದೂಕಿಗೆ ಬಡಿಯಿತು.

ಟಕ್.

ಆ ವರ್ಷ ತಿಕೋಟಾದ ಸೀಮೆಯಲ್ಲಿ ಹಾರಿದ ಗುಂಡಿನ ಸದ್ದು ಅಷ್ಟೇ.

"ಕೋಡು" ಅಂದಳು.

ಗೌಡ ಬಂದೂಕನ್ನು ಆಳುಮಗನ ಕೈಗೆ ಕೊಟ್ಟು, ಕೊರಳಿನ ಹಲಗೆ ತೆಗೆದು, ಮರಗಟ್ಟಿದ ಬೆರಳಿನಿಂದ ಹಗ್ಗ ಬಿಚ್ಚಿ, ಒಂದೊಂದಾಗಿ ಕೋಡು ಬಿಡಿಸಿದ. ಬಲಗೋಡು ಆಕೆಯ ಬಲಗೈಗೆ ಕೊಟ್ಟ. ತಾಮ್ರದ ತಂತಿಯ ಎಡಗೋಡು ಎಡಗೈಗೆ ಕೊಟ್ಟ. ಪರಸವ್ವ ಎರಡನ್ನೂ ಬಿಗಿಯಾಗಿ ಹಿಡಿದಳು.

ಮಂದಿ ಒಬ್ಬೊಬ್ಬರಾಗಿ ಹೊರಬಂದರು. ಗುಂಡು ಹಾರದಿದ್ದರೂ ಹಬ್ಬ ನಿಲ್ಲುವಂತಿಲ್ಲ. ಯಾರೋ ಬನ್ನಿಗಿಡಕ್ಕೆ ಕೈ ಹಾಕಿದರು, ಎಲ್ಲರೂ ಹಾಕಿದರು. ಎಲೆ ಕೊಡುವುದು, ಕಾಲು ಮುಟ್ಟುವುದು, ತಬ್ಬಿಕೊಳ್ಳುವುದು ಸುರುವಾಯಿತು. ಈರಯ್ಯ ಹಳ್ಳದಿಂದ ಮೇಲೆ ಬಂದು, ಮೊದಲಿಂದಲೂ ಅದು ಹೋತವೇ ಎಂದು ತನಗೆ ಅನುಮಾನವಿತ್ತೆಂದು ಬೀಗರಿಗೆ ಹೇಳುತ್ತಿದ್ದ.

ಗೌಡ ಒಂದು ಹಿಡಿ ಬನ್ನಿ ಹರಿದ. ಊರೆಲ್ಲ ನೋಡುತ್ತಿತ್ತು. ಆ ದಿನ ಬನ್ನಿ ಕೊಟ್ಟರೆ ಯಾರೂ ಬೇಡ ಅನ್ನುವುದಿಲ್ಲ. ಹೊಲದ ಬದುವಿಗೆ ತಲೆ ಒಡೆದುಕೊಂಡವರೂ ತೆಗೆದುಕೊಳ್ಳುತ್ತಾರೆ. ತೆಗೆದುಕೊಂಡರೆ ಮುಗಿಯಿತು, ಹಿಂದಿನದು ಹಿಂದೆ. ಗೌಡ ತಲೆ ತಗ್ಗಿಸಿಕೊಂಡು ಪರಸವ್ವನ ಮುಂದೆ ಬಂದು ನಿಂತ, ಎಲೆ ಮುಂದೆ ಹಿಡಿದ.

"ಬನ್ನಿ ತಗೋ ಪರಸವ್ವ. ಬಂಗಾರದಂಗ ಇರೂಣು."

ಪರಸವ್ವ ಎಲೆ ನೋಡಿದಳು, ಗೌಡನ ಮುಖ ನೋಡಿದಳು, ತನ್ನ ಕೈ ನೋಡಿಕೊಂಡಳು.

"ಎರಡೂ ಕೈ ತುಂಬ್ಯಾವ್ರಿ ಗೌಡ್ರ" ಅಂದಳು.

ಕೋಡು ಎದೆಗೆ ಒತ್ತಿಕೊಂಡು ಊರ ಕಡೆ ನಡೆದಳು. ಗೌಡ ಚಾಚಿದ ಕೈ ಹಿಂದಕ್ಕೆ ತೆಗೆದುಕೊಳ್ಳುವುದೋ ಬೇಡವೋ ತಿಳಿಯದೆ, ಬನ್ನಿ ಬಾಡುವ ತನಕ ಹಾಗೇ ನಿಂತಿದ್ದ.